ಪ್ಯಾನೆಲ್‌ನಲ್ಲಿ ಹಸಿರು ದೀಪ ಉರಿದರೆ ಸಾಕೇ? ವೈರ್‌ಲೆಸ್ ಫೈರ್ ಅಲಾರಂ ಪರೀಕ್ಷಿಸುವುದು ಹೀಗೆ

ಗೋಡೆ ಕೊರೆಯಬೇಕಿಲ್ಲ, ತಂತಿ ಎಳೆಯಬೇಕಿಲ್ಲ. ಹಾಗಾಗಿ ಜನ ವಾಸವಿರುವ ಹಳೆಯ ಕಟ್ಟಡಗಳಿಗೆ ವೈರ್‌ಲೆಸ್ ಫೈರ್ ಅಲಾರಂ ಅನುಕೂಲ. ಅಳವಡಿಸಿದ ಮೇಲೆ ಲಾಬಿಯ ಪ್ಯಾನೆಲ್‌ನಲ್ಲಿ ಹಸಿರು ದೀಪ ಕಂಡರೆ ಎಲ್ಲವೂ ಸರಿಯಿದೆ ಎಂದುಕೊಳ್ಳುತ್ತೇವೆ. ಆದರೆ ಆ ದೀಪ ಹೇಳುವುದು ಪ್ಯಾನೆಲ್‌ಗೆ ವಿದ್ಯುತ್ ಇದೆ ಎಂದಷ್ಟೇ. ಡಿಟೆಕ್ಟರ್ ಒಳಗೆ ಹೊಗೆ ಹೋಗುತ್ತದೆಯೇ, ಮಲಗಿದವರಿಗೆ ಸೈರನ್ ಕೇಳುತ್ತದೆಯೇ ಎಂಬುದು ಪರೀಕ್ಷೆ ಮಾಡಿದರೆ ಮಾತ್ರ ಗೊತ್ತಾಗುತ್ತದೆ.

2010ರ ಫೆಬ್ರವರಿ 23ರಂದು ಬೆಂಗಳೂರಿನ ಕಾರ್ಲ್‌ಟನ್ ಟವರ್ಸ್‌ನಲ್ಲಿ ಬೆಂಕಿ ಬಿದ್ದಾಗ ಮೆಟ್ಟಿಲು, ಮಹಡಿಗಳನ್ನೆಲ್ಲ ಹೊಗೆ ಆವರಿಸಿತು. 9 ಮಂದಿ ಪ್ರಾಣ ಕಳೆದುಕೊಂಡರು. ಹೊಗೆಯ ವಿಷಯದಲ್ಲಿ ಒಂದೆರಡು ನಿಮಿಷವೂ ದೊಡ್ಡದು.

ಪರೀಕ್ಷೆ ಹೇಗೆ?

* ಮೊದಲು ನಿವಾಸಿಗಳಿಗೆ ಮತ್ತು ಸೆಕ್ಯುರಿಟಿಯವರಿಗೆ ತಿಳಿಸಿ. ಅಲಾರಂಗೆ ಲಿಫ್ಟ್ ಅಥವಾ ಪಂಪ್ ಜೋಡಣೆಯಾಗಿದ್ದರೆ ಅವುಗಳ ಕಡೆಯೂ ಗಮನವಿರಲಿ.
* ಡಿಟೆಕ್ಟರ್‌ನ ಬಟನ್ ಒತ್ತಿದರೆ ಸಾಲದು. ಪರೀಕ್ಷೆಗೆಂದೇ ಸಿಗುವ ಸ್ಮೋಕ್ ಸ್ಪ್ರೇ ಬಳಸಬೇಕು. ಊದಿನಕಡ್ಡಿ, ಸಿಗರೇಟು ಹಿಡಿಯುವುದು ಬೇಡ. ಅದರ ಜಿಡ್ಡು ಒಳಗೆ ಅಂಟಿಕೊಳ್ಳುತ್ತದೆ.
* ಪ್ಯಾನೆಲ್ ಬಳಿ ಒಬ್ಬರು ನಿಂತು, ತೋರಿಸುವ ಮಹಡಿ ಮತ್ತು ಜಾಗದ ಹೆಸರು ಸರಿಯಿದೆಯೇ ನೋಡಬೇಕು. 7ನೇ ಮಹಡಿಯ ಹೊಗೆಗೆ ಪ್ಯಾನೆಲ್ 4ನೇ ಮಹಡಿ ಎಂದರೆ ಸಹಾಯಕ್ಕೆ ಓಡುವವರು ದಾರಿ ತಪ್ಪುತ್ತಾರೆ.
* ಬೆಡ್‌ರೂಮ್ ಬಾಗಿಲು ಮುಚ್ಚಿ ಸೈರನ್ ಕೇಳಿ. ಮಲಗಿದವರನ್ನು ಎಬ್ಬಿಸಲು ದಿಂಬಿನ ಬಳಿ ಕನಿಷ್ಠ 75 ಡೆಸಿಬಲ್ ಸದ್ದು ಬೇಕು.
* ಗಾಜಿನ ಕೆಂಪು ಡಬ್ಬಿಗಳನ್ನು, ಅಂದರೆ ಕಾಲ್ ಪಾಯಿಂಟ್‌ಗಳನ್ನು, ವಾರಕ್ಕೊಂದರಂತೆ ಸರದಿಯಲ್ಲಿ ಟೆಸ್ಟ್ ಕೀಯಿಂದ ಪರೀಕ್ಷಿಸಿ.

ಹಳದಿ ದೀಪ ಬಂದರೆ?

ಹಳದಿ ದೀಪ ಎಂದರೆ ಎಲ್ಲೋ ದೋಷವಿದೆ ಎಂದರ್ಥ. ವೈರ್‌ಲೆಸ್ ವ್ಯವಸ್ಥೆಯಲ್ಲಿ ಪ್ರತಿ ಡಿಟೆಕ್ಟರ್ ಆಗಾಗ 'ನಾನಿದ್ದೇನೆ' ಎಂಬ ಸಂಕೇತ ಕಳಿಸುತ್ತಿರುತ್ತದೆ. ಅದು ನಿಗದಿತ ಸಮಯದಲ್ಲಿ ಬಾರದಿದ್ದರೆ ಪ್ಯಾನೆಲ್ ದೋಷ ತೋರಿಸುತ್ತದೆ.

ಒಂದೇ ಡಿಟೆಕ್ಟರ್ ಕಾಣೆಯಾದರೆ ಮೊದಲು ಅದರ ಬ್ಯಾಟರಿ ನೋಡಿ. ಕಂಪನಿ ಹೇಳಿದ ಮಾದರಿಯ ಬ್ಯಾಟರಿಯನ್ನೇ ಹಾಕಿ, ದಿನಾಂಕ ಬರೆದಿಡಿ. ಒಂದು ಭಾಗದ ಡಿಟೆಕ್ಟರ್‌ಗಳೆಲ್ಲ ಒಟ್ಟಿಗೆ ಕಾಣೆಯಾದರೆ, ಅವುಗಳ ಸಂಕೇತವನ್ನು ಮುಂದಕ್ಕೆ ದಾಟಿಸುವ ರಿಪೀಟರ್‌ಗೆ ವಿದ್ಯುತ್ ಇದೆಯೇ ಪರಿಶೀಲಿಸಿ.

ಬ್ಯಾಟರಿ ಹೊಸದಿದ್ದೂ ಸಂಕೇತ ಬಂದು ಹೋಗುತ್ತಿದ್ದರೆ, ಇತ್ತೀಚೆಗೆ ಮನೆಯಲ್ಲಿ ಏನು ಬದಲಾಗಿದೆ ಎಂದು ಕೇಳಿ. ಕಬ್ಬಿಣದ ಬೀರು, ಲೋಹದ ಫಾಲ್ಸ್ ಸೀಲಿಂಗ್, ಹೊಸ ಕಬ್ಬಿಣದ ಬಾಗಿಲು ರೇಡಿಯೊ ಸಂಕೇತಕ್ಕೆ ಅಡ್ಡ ಬರುತ್ತವೆ. ಹೀಗಾಗಿ ಬಾಗಿಲುಗಳನ್ನೆಲ್ಲ ಮುಚ್ಚಿ ಸಿಗ್ನಲ್ ಅಳೆಯಬೇಕು. ಡಿಟೆಕ್ಟರ್ ಜಾಗ ಬದಲಿಸುವುದೋ, ರಿಪೀಟರ್ ಸೇರಿಸುವುದೋ ತಂತ್ರಜ್ಞರಿಗೆ ಬಿಟ್ಟದ್ದು.

ಸುಮ್ಮಸುಮ್ಮನೆ ಕೂಗಿದರೆ?

ಅಪಾಯ ಹೆಚ್ಚಿರುವುದು ಇಲ್ಲೇ. ಒಗ್ಗರಣೆ ಹೊಗೆ, ಬಚ್ಚಲಿನ ಹಬೆ, ಧೂಳು, ಒಳಹೊಕ್ಕ ಹುಳ ಇವುಗಳಿಂದ ಅಲಾರಂ ಪದೇಪದೇ ಕೂಗುತ್ತದೆ. ಬೇಸತ್ತ ಸೊಸೈಟಿಯವರು ಆ ಡಿಟೆಕ್ಟರ್ ಅನ್ನು 'ಡಿಸೇಬಲ್' ಮಾಡಿ ಮರೆತುಬಿಡುತ್ತಾರೆ. ಹಾಗೆ ಮಾಡಬೇಡಿ. ಶುಚಿಗೊಳಿಸಿ, ಅಡುಗೆಮನೆಯಲ್ಲಾದರೆ ಶಾಖ ಗುರುತಿಸುವ ಹೀಟ್ ಡಿಟೆಕ್ಟರ್ ಹಾಕಿಸಿ. ಬಣ್ಣ ಬಳಿಯುವಾಗ ಕಟ್ಟಿದ ಪ್ಲಾಸ್ಟಿಕ್ ಹೊದಿಕೆಯನ್ನು ಕೆಲಸ ಮುಗಿದ ಕೂಡಲೇ ತೆಗೆಸಿ. ಹೊದಿಕೆಯೊಳಗಿನ ಡಿಟೆಕ್ಟರ್ 'ನಾನಿದ್ದೇನೆ' ಎನ್ನುತ್ತಲೇ ಇರುತ್ತದೆ, ಹೊಗೆ ಮಾತ್ರ ಅದನ್ನು ತಲುಪುವುದಿಲ್ಲ.

ಕಾನೂನು ಏನು ಹೇಳುತ್ತದೆ?

ಅಲಾರಂ ಅಳವಡಿಕೆ, ನಿರ್ವಹಣೆಗೆ ಭಾರತೀಯ ಮಾನಕ ಐಎಸ್ 2189 ಇದೆ. ಮಹಾರಾಷ್ಟ್ರದ 2006ರ ಅಗ್ನಿ ಸುರಕ್ಷತಾ ಕಾಯ್ದೆಯ ವ್ಯಾಪ್ತಿಗೆ ಬರುವ ಕಟ್ಟಡಗಳ ಮಾಲೀಕರು ಅಥವಾ ನಿವಾಸಿಗಳು, ಅಗ್ನಿ ಸುರಕ್ಷತಾ ವ್ಯವಸ್ಥೆ ಸುಸ್ಥಿತಿಯಲ್ಲಿದೆ ಎಂದು ಪರವಾನಗಿ ಪಡೆದ ಸಂಸ್ಥೆಯಿಂದ ಪ್ರಮಾಣಪತ್ರ ಪಡೆದು ಜನವರಿ ಮತ್ತು ಜುಲೈನಲ್ಲಿ ಸಲ್ಲಿಸಬೇಕು. ಸೊಸೈಟಿಯ ಮುಂದಿನ ಸಭೆಯಲ್ಲಿ ಆ ಪತ್ರದ ಜೊತೆಗೆ ಪರೀಕ್ಷೆಯ ದಾಖಲೆ ಪುಸ್ತಕವನ್ನೂ ಕೇಳಿ. ಯಾವ ಡಿಟೆಕ್ಟರ್‌ಗೆ ಯಾವ ದಿನ ಹೊಗೆ ತಾಗಿಸಿ ನೋಡಿದರು ಎಂಬುದು ಅದರಲ್ಲಿರಬೇಕು.

ಅಲಾರಂ ನಿಜವಾಗಿಯೂ ಕೂಗಿದಾಗ ಲಿಫ್ಟ್ ಬಳಸದೆ ಹೊರಬಂದು 101 ಅಥವಾ 112ಕ್ಕೆ ಕರೆ ಮಾಡಿ.