ನಿಮ್ಮ ಔಷಧದ ಬೆಲೆಗೆ ಮಿತಿ ಹಾಕುವವರು ಯಾರು?

ವಾರಾಣಸಿಯ ಮಹಾಮನ ಪಂಡಿತ ಮದನ ಮೋಹನ ಮಾಳವೀಯ ಕ್ಯಾನ್ಸರ್ ಕೇಂದ್ರದಲ್ಲಿ ನಿಮ್ಮ ತಂದೆಯವರಿಗೆ ಮಲ್ಟಿಪಲ್ ಮೈಲೋಮಾ ಎಂಬ ರಕ್ತದ ಕ್ಯಾನ್ಸರ್‌ಗೆ ಲೆನಲಿಡೊಮೈಡ್ ಬರೆದುಕೊಟ್ಟಿದ್ದಾರೆ ಎಂದುಕೊಳ್ಳಿ. ಹೊರಗಿನ ಅಂಗಡಿಯಲ್ಲಿ ಅದನ್ನು ಎಷ್ಟಕ್ಕೆ ಬೇಕಾದರೂ ಮಾರಬಹುದೇ? ಇಲ್ಲ.

ಕೇಂದ್ರ ಆರೋಗ್ಯ ಸಚಿವಾಲಯ ನೇಮಿಸುವ ತಜ್ಞರ ಸಮಿತಿ ‘ರಾಷ್ಟ್ರೀಯ ಅಗತ್ಯ ಔಷಧಗಳ ಪಟ್ಟಿ’ಯನ್ನು ಸಿದ್ಧಪಡಿಸುತ್ತದೆ. ಕಾಯಿಲೆ ಎಷ್ಟು ಜನರನ್ನು ಕಾಡುತ್ತಿದೆ, ಔಷಧ ಸುರಕ್ಷಿತವೇ, ಪರಿಣಾಮಕಾರಿಯೇ, ವೆಚ್ಚಕ್ಕೆ ತಕ್ಕ ಫಲವಿದೆಯೇ ಎಂದು ಸಮಿತಿ ನೋಡುತ್ತದೆ. 2022ರ ಪಟ್ಟಿಯಲ್ಲಿ 384 ಔಷಧಗಳಿವೆ. ಆಗ 34 ಹೊಸದಾಗಿ ಸೇರಿದವು, 26 ಬಿಟ್ಟುಹೋದವು. ಲೆನಲಿಡೊಮೈಡ್ ಸೇರಿತು, ಅಸಿಡಿಟಿಗೆ ನುಂಗುತ್ತಿದ್ದ ರಾನಿಟಿಡಿನ್ ಹೊರಹೋಯಿತು.

ಪಟ್ಟಿಯ ಔಷಧಗಳಿಗೆ, 2013ರ ಔಷಧ ಬೆಲೆ ನಿಯಂತ್ರಣ ಆದೇಶದಂತೆ, ರಾಷ್ಟ್ರೀಯ ಔಷಧ ಬೆಲೆ ಪ್ರಾಧಿಕಾರ ಗರಿಷ್ಠ ಬೆಲೆ ನಿಗದಿಪಡಿಸುತ್ತದೆ. ಮಾರುಕಟ್ಟೆಯಲ್ಲಿ ಕನಿಷ್ಠ ಶೇ 1 ಪಾಲಿರುವ ಬ್ರ್ಯಾಂಡ್‌ಗಳು ಅಂಗಡಿಗೆ ತಲುಪುವ ದರದ ಸರಾಸರಿ ತೆಗೆದು, ಶೇ 16 ಅಂಗಡಿಯ ಲಾಭ ಸೇರಿಸುತ್ತಾರೆ. ಜಿಎಸ್‌ಟಿ ಬೇರೆ. ಕಾಶಿಯಲ್ಲೂ ಕಲಬುರಗಿಯಲ್ಲೂ ಮಿತಿ ಒಂದೇ.

ಗಮನಿಸಿ: ಈ ಮಿತಿ ಪಟ್ಟಿಯಲ್ಲಿ ಹೇಳಿದ ರೂಪ ಮತ್ತು ಮಿಲಿಗ್ರಾಂಗೆ ಮಾತ್ರ. ಪಟ್ಟಿಯಲ್ಲಿಲ್ಲದ ಔಷಧದ ಎಂಆರ್‌ಪಿಯನ್ನು ಕಂಪನಿ ವರ್ಷಕ್ಕೆ ಶೇ 10ರವರೆಗೆ ಏರಿಸಬಹುದು.

ನೀವು ಮಾಡಬೇಕಾದದ್ದು ಇಷ್ಟೆ. ಬ್ರ್ಯಾಂಡ್ ಹೆಸರಿನ ಜೊತೆಗೆ ಔಷಧದ ಮೂಲ ಹೆಸರು, ಮಿಲಿಗ್ರಾಂ ಓದಿ. ‘ಫಾರ್ಮಾ ಸಹಿ ದಾಮ್’ ಆ್ಯಪ್‌ನಲ್ಲಿ ಬೆಲೆ ಹೋಲಿಸಿ. ಬಿಲ್ ಕೇಳಿ ಪಡೆಯಿರಿ. ಹೆಚ್ಚು ವಸೂಲಿ ಮಾಡಿದ್ದರೆ ಪ್ರಾಧಿಕಾರದ 1800 111 255ಕ್ಕೆ ದೂರು ಕೊಡಿ. ಬೆಲೆ ಹೊರೆಯಾಯಿತೆಂದು ಮಾತ್ರೆ ನಿಲ್ಲಿಸಬೇಡಿ. ಮೊದಲು ವೈದ್ಯರಿಗೆ ತಿಳಿಸಿ.