ಇಪ್ಪತ್ತು ನಿಮಿಷದ ಗಾಜಿನ ನಳಿಕೆ

ತಿಪಟೂರು ಸೀಮೆಯಲ್ಲಿ ಸಿಪ್ಪೆ ಸಮೇತ ಅಟ್ಟ ಸೇರಿದ ತೆಂಗಿನಕಾಯಿ ವರ್ಷದ ಹೊತ್ತಿಗೆ ಒಳಗೇ ಒಣಗಿ ಉಂಡೆ ಕೊಬ್ಬರಿಯಾಗುತ್ತದೆ. ಸುಲಿದ ಮಟ್ಟೆ ಹಿತ್ತಲಲ್ಲಿ ರಾಶಿ ಬೀಳುತ್ತದೆ. ಕಾಯಿಗೆ ಇಲಿ, ಇಲಿಗೆ ಹಾವು. ತುರುವೇಕೆರೆ, ಚಿಕ್ಕನಾಯಕನಹಳ್ಳಿಯ ತೋಟಗಳಲ್ಲೂ ಇದೇ ಕತೆ. ಒಣಮಟ್ಟೆಯ ಬಣ್ಣದ ಕೊಳಕುಮಂಡಲ ಹಗಲಲ್ಲೇ ಕಣ್ಣಿಗೆ ಬೀಳುವುದಿಲ್ಲ. ಇನ್ನು ರಾತ್ರಿ ಪಾಳಿಯ ತ್ರೀಫೇಸ್ ಕರೆಂಟಿಗೆ ಕಾದು ಮೋಟರ್ ಹಾಕಲು ಹೊರಟವರ ಗತಿಯೇನು?

ಕಚ್ಚಿದ್ದು ಯಾವ ಹಾವೆಂದು ಕತ್ತಲಲ್ಲಿ ಕಂಡವರಿಲ್ಲ. ಆಗ ಆರೋಗ್ಯ ಕೇಂದ್ರದ ನರ್ಸ್ ಕೈಗೆ ಬೇಕಾದ್ದು ಒಂದು ಗಾಜಿನ ನಳಿಕೆ. 2 ಮಿ.ಲೀ. ರಕ್ತ ತೆಗೆದು, ಹೊಸ ಒಣ ನಳಿಕೆಗೆ ಹಾಕಿ, 20 ನಿಮಿಷ ಅಲುಗಿಸದೆ ಇಟ್ಟು, ಆಮೇಲೆ ಬಗ್ಗಿಸಿ ನೋಡುವುದು. ರಕ್ತ ಹೆಪ್ಪುಗಟ್ಟದೆ ಹರಿದರೆ ಮಂಡಲದ ವಿಷ ಏರಿದೆ, ಪ್ರತಿವಿಷ ಶುರುಮಾಡಬೇಕು. ಹೆಪ್ಪುಗಟ್ಟಿದರೂ ಮತ್ತೆ ಮತ್ತೆ ಪರೀಕ್ಷಿಸಬೇಕು. ಕರೆಂಟು ಬೇಡ, ನೆಟ್‌ವರ್ಕ್ ಬೇಡ. ಗಾಜು ಮಾತ್ರ ಬೇಕೇ ಬೇಕು. ಗಾಜಿನ ಮೈ ತಾಗಿದರೇ ಹೆಪ್ಪುಗಟ್ಟುವ ಕ್ರಿಯೆ ಚುರುಕಾಗುವುದು. ಪ್ಲಾಸ್ಟಿಕ್ಕಿನಲ್ಲಿ, ಸೋಪುಪುಡಿಯಲ್ಲಿ ತೊಳೆದ ಗಾಜಿನಲ್ಲಿ ಪರೀಕ್ಷೆ ದಾರಿ ತಪ್ಪಿಸುತ್ತದೆ. ನಾಗರ, ಕಟ್ಟುಹಾವಿನ ವಿಷ ನರಕ್ಕೆ ಹೊಡೆಯುವಂಥದ್ದು. ಅಲ್ಲಿ ನಳಿಕೆ ಸಾಲದು; ಜೋತುಬೀಳುವ ರೆಪ್ಪೆಯನ್ನು ಗುರುತಿಸುವ ಕಣ್ಣು ಬೇಕು.

ಹಳ್ಳಿಯ ಆರೋಗ್ಯಕ್ಕೆ ತಂತ್ರಜ್ಞಾನವೆಂದರೆ ಆಶಾ ಕಾರ್ಯಕರ್ತೆಯ ಮೊಬೈಲಿಗೆ ಇನ್ನೊಂದು ಆ್ಯಪ್ ಎಂಬಂತಾಗಿದೆ. ಮನೆಮನೆಯ ಲೆಕ್ಕ ಮೇಲಕ್ಕೆ ಹೋಗುತ್ತದೆ, ಕೆಳಕ್ಕೆ ಬರುವುದೇನು? ಲೆಕ್ಕ ಬೇಡವೆಂದು ನಾನು ಹೇಳುತ್ತಿಲ್ಲ. ವಿಶ್ವ ಆರೋಗ್ಯ ಸಂಸ್ಥೆ ಹಾವು ಕಡಿತವನ್ನು ಕಡೆಗಣಿತ ಉಷ್ಣವಲಯದ ಕಾಯಿಲೆಗಳ ಸಾಲಿಗೆ ಸೇರಿಸಿದ್ದೇ 2017ರಲ್ಲಿ. ಕರ್ನಾಟಕ 2024ರ ಫೆಬ್ರುವರಿಯಲ್ಲಿ ಪ್ರತಿ ಕಡಿತವನ್ನೂ ಕಡ್ಡಾಯವಾಗಿ ವರದಿ ಮಾಡಬೇಕೆಂದಿತು. ಅದು ಒಳ್ಳೆಯ ಆದೇಶ. ಯಾವ ಹೋಬಳಿಯಲ್ಲಿ, ಯಾವ ತಿಂಗಳು ಕಡಿತ ಹೆಚ್ಚೆಂದು ಗೊತ್ತಾದರೆ ಪ್ರತಿವಿಷದ ಸೀಸೆ ಮೊದಲೇ ಅಲ್ಲಿಗೆ ಹೋಗಿ ಕೂರಬಹುದು. ಚಿಕಿತ್ಸೆಯ ಆರಂಭಕ್ಕೇ ಹತ್ತರಷ್ಟು ಸೀಸೆ ಬೇಕಾಗುತ್ತವೆ. ಕಪಾಟಿನಲ್ಲಿ ಎರಡಿದ್ದರೆ ಆ ರಾತ್ರಿ ಜಿಲ್ಲಾಸ್ಪತ್ರೆಯ ದಾರಿಯಲ್ಲೇ ಕಳೆಯುತ್ತದೆ. ವರದಿ ಸೀಸೆಯಾಗಿ ಹಳ್ಳಿಗೆ ಮರಳಿದಾಗಲೇ ಮೊಬೈಲಿಗೆ ಅಂಕಿ ತುಂಬಿಸಿದ ಆ ಆಶಾ ಕಾರ್ಯಕರ್ತೆಯ ದುಡಿಮೆಗೆ ನ್ಯಾಯ ಸಿಕ್ಕೀತು.

ಹಾವು ಕಚ್ಚಿದರೆ ಹಗ್ಗ ಬಿಗಿಯಬೇಡಿ, ಗಾಯ ಕೊಯ್ಯಬೇಡಿ, ಕಚ್ಚಿಸಿಕೊಂಡವರನ್ನು ನಡೆಸಬೇಡಿ; 108ಕ್ಕೆ ಕರೆ ಮಾಡಿ. ಬಿ.ಪಿ. ಮಾತ್ರೆಗೆಂದು ಈ ವಾರ ನಿಮ್ಮೂರಿನ ಆರೋಗ್ಯ ಕೇಂದ್ರಕ್ಕೆ ಹೋದಾಗ ದಯವಿಟ್ಟು ಎರಡು ಮಾತು ಕೇಳಿ: ಗಾಜಿನ ನಳಿಕೆ ಇದೆಯೇ? ಪ್ರತಿವಿಷ ಎಷ್ಟು ಸೀಸೆ ಇದೆ?