ಒಬ್ಬರೇ ಇರುವ ದೋಣಿಗೆ ಚುಕ್ಕಾಣಿ ಹಿಡಿಯುವವರು ಯಾರು?

ಮಕ್ಕಳೇ, ಶ್ರವಣಬೆಳಗೊಳದ ದೊಡ್ಡಬೆಟ್ಟ ಹತ್ತಿದ್ದೀರಲ್ಲವೇ? ಮೇಲೆ ಹೋದಂತೆ ಗಾಳಿ ಜೋರಾಗಿ ಬೀಸಿ, ಬಿಚ್ಚಿದ ಕೊಡೆಯನ್ನು ಎಳೆದಾಡುತ್ತದೆ. ಗಾಳಿಯ ಇದೇ ಬಲವನ್ನು ಬಟ್ಟೆಯ ಹಾಯಿಯಲ್ಲಿ ಹಿಡಿದು ಸಾಗುವುದೇ ಹಾಯಿದೋಣಿ.

ಭಾರತೀಯ ನೌಕಾಪಡೆಯ ಅಭಿಲಾಷ್ ಟೋಮಿ ಅವರು 2012ರ ನವೆಂಬರ್ 1ರಂದು ಮುಂಬಯಿಯಿಂದ ‘ಮ್ಹಾದೇಯಿ’ ಎಂಬ ಹಾಯಿದೋಣಿಯಲ್ಲಿ ಒಬ್ಬರೇ ಹೊರಟರು. ಎಲ್ಲಿಯೂ ನಿಲ್ಲದೆ ಭೂಮಿಯನ್ನು ಸುತ್ತಿ 2013ರ ಮಾರ್ಚ್ 31ರಂದು ಮರಳಿದರು. ದೋಣಿಯ ಹೆಸರು ಎಲ್ಲಿಯದು ಗೊತ್ತೇ? ನಮ್ಮ ಬೆಳಗಾವಿ ಜಿಲ್ಲೆಯ ಖಾನಾಪುರ ತಾಲ್ಲೂಕಿನಲ್ಲಿ ಹುಟ್ಟುವ ಮಹದಾಯಿ ನದಿಯದು!

ಸುಮಾರು 150 ದಿನ ಒಬ್ಬರೇ! ಹಾಗಾದರೆ ನಿದ್ದೆ ಮಾಡುವಾಗ ದೋಣಿ ನಡೆಸುವವರು ಯಾರು? ಇಂಥ ದೋಣಿಗಳಲ್ಲಿ ಕೆಲವು ವಿಶೇಷ ಸಲಕರಣೆಗಳಿರುತ್ತವೆ.

ಗಾಳಿಪಟ್ಟಿ: ದೋಣಿಯ ಹಿಂಬದಿಯಲ್ಲಿ ಒಂದು ತೆಳು ಹಲಗೆಯನ್ನು ಗಾಳಿಯ ದಿಕ್ಕಿಗೆ ಹೊಂದಿಸಿಡುತ್ತಾರೆ. ದೋಣಿ ದಾರಿ ತಪ್ಪಿದರೆ ಗಾಳಿ ಹಲಗೆಯ ಪಕ್ಕಕ್ಕೆ ಬಡಿದು ಅದನ್ನು ವಾಲಿಸುತ್ತದೆ. ಅದಕ್ಕೆ ಜೋಡಿಸಿದ ಹಗ್ಗಗಳು ಚುಕ್ಕಾಣಿಯನ್ನು ಎಳೆದು ದೋಣಿಯನ್ನು ಮತ್ತೆ ದಾರಿಗೆ ತರುತ್ತವೆ. ಇದಕ್ಕೆ ವಿದ್ಯುತ್ತೇ ಬೇಡ.

ಸೊಂಟದ ಹಗ್ಗ: ಒಬ್ಬರೇ ಇರುವಾಗ ನೀರಿಗೆ ಬಿದ್ದರೆ ದೋಣಿ ಮುಂದೆ ಹೋಗಿಬಿಡುತ್ತದೆ, ಹಿಂದಕ್ಕೆ ತಿರುಗಿಸುವವರಿಲ್ಲ. ಆದ್ದರಿಂದ ಮೈಗೆ ಪಟ್ಟಿ ಕಟ್ಟಿ, ಅದರ ಹಗ್ಗವನ್ನು ದೋಣಿಗೆ ಸಿಕ್ಕಿಸಿಕೊಂಡೇ ಓಡಾಡಬೇಕು.

ಅಡಿಭಾರ: ದೋಣಿಯ ತಳದಲ್ಲಿ ಸೀಸ ಅಥವಾ ಕಬ್ಬಿಣದ ಭಾರವಿರುತ್ತದೆ. ಅಲೆ ವಾಲಿಸಿದರೂ ಈ ಭಾರ ದೋಣಿಯನ್ನು ನೆಟ್ಟಗೆ ನಿಲ್ಲಿಸುತ್ತದೆ.

ಸಂದೇಶ ಸಾಧನ: ಅಪಾಯದಲ್ಲಿ ಉಪಗ್ರಹದ ಮೂಲಕ ಸುದ್ದಿ ಕಳಿಸಲು ಇದು ಬೇಕು.

ಇವುಗಳ ಬೆಲೆ 2018ರಲ್ಲಿ ತಿಳಿಯಿತು. ಆ ಸೆಪ್ಟೆಂಬರ್‌ನಲ್ಲಿ ಟೋಮಿಯವರ ‘ತುರಿಯಾ’ ದೋಣಿ ಹಿಂದೂ ಮಹಾಸಾಗರದ ದಕ್ಷಿಣದಲ್ಲಿ ಬಿರುಗಾಳಿಗೆ ಸಿಕ್ಕಿ ಉರುಳಿತು. ಹಾಯಿಕಂಬ ಮುರಿಯಿತು. ಬೆನ್ನಿಗೆ ಪೆಟ್ಟಾಗಿ ಅವರಿಗೆ ಏಳಲೂ ಆಗಲಿಲ್ಲ. ಆದರೂ ಉಪಗ್ರಹದ ಮೂಲಕ ಸಂದೇಶ ಹೋಯಿತು. ನೌಕಾಪಡೆಯ ವಿಮಾನ ದೋಣಿಯನ್ನು ಹುಡುಕಿತು. ಸೆಪ್ಟೆಂಬರ್ 24ರಂದು ಫ್ರಾನ್ಸಿನ ‘ಒಸಿರಿಸ್’ ಹಡಗು ಅವರನ್ನು ಕಾಪಾಡಿತು. ಗುಣಮುಖರಾದ ಅವರು ಮತ್ತೆ ಒಬ್ಬರೇ ಭೂಮಿ ಸುತ್ತಿ, 2023ರಲ್ಲಿ ಅದೇ ಸ್ಪರ್ಧೆಯಲ್ಲಿ ಎರಡನೆಯವರಾದರು!

ಮಾಡಿ ನೋಡಿ: ಮುಚ್ಚಳ ಬಿಗಿದ ಖಾಲಿ ಪ್ಲಾಸ್ಟಿಕ್ ಬಾಟಲಿಯನ್ನು ಬಕೆಟ್ ನೀರಿನಲ್ಲಿ ಅಡ್ಡವಾಗಿ ತೇಲಿಸಿ, ಉರುಳಿಸಿ. ಈಗ ಅದರ ಒಂದು ಬದಿಗೆ ಎರಡು ದೊಡ್ಡ ಮೊಳೆಗಳನ್ನು ರಬ್ಬರ್‌ಬ್ಯಾಂಡಿನಿಂದ ಕಟ್ಟಿ ಮತ್ತೆ ಉರುಳಿಸಿ. ಮೊಳೆಗಳು ಯಾವ ಕಡೆಗೆ ಬಂದು ನಿಲ್ಲುತ್ತವೆ? ಏಕೆ?

ಈ ಪ್ರಯೋಗವನ್ನು ಕೆರೆ, ಕಲ್ಯಾಣಿಯ ಬಳಿ ಮಾಡಬೇಡಿ. ಹೇಮಾವತಿ ಹೊಳೆಯಲ್ಲಿ ತೆಪ್ಪ ಹತ್ತುವಾಗಲೂ ಅಷ್ಟೇ: ದೊಡ್ಡವರು ಜೊತೆಗಿರಲಿ, ಮೊದಲು ಲೈಫ್ ಜಾಕೆಟ್ ತೊಡಿ. ಸಾವಿರಾರು ಮೈಲಿ ಸಾಗಿದವರೇ ಹಗ್ಗ ಕಟ್ಟಿಕೊಳ್ಳುತ್ತಾರೆ, ನಮಗೇಕೆ ನಾಚಿಕೆ?